ನಿದಾನವೂ ನಿಧಾನವೂ

ರೋಗದ ಮೂಲವನ್ನು ಅರಸುವ ಕ್ರಮಕ್ಕೆ ಆಯುರ್ವೇದದಲ್ಲಿ ‘ನಿದಾನ’ವೆಂದು ಹೆಸರು. ಅವಸರವಿಲ್ಲದ ನಡೆಗೆ ನಾವು ಕನ್ನಡದಲ್ಲಿ ‘ನಿಧಾನ’ವೆನ್ನುತ್ತೇವೆ. ಒಂದರಲ್ಲಿ ಅಲ್ಪಪ್ರಾಣ, ಇನ್ನೊಂದರಲ್ಲಿ ಮಹಾಪ್ರಾಣ, ಅರ್ಥವೂ ಬೇರೆ. ಆದರೆ ಎರಡನೆಯದಿಲ್ಲದೆ ಮೊದಲನೆಯದು ಸಿದ್ಧಿಸದೆಂಬುದನ್ನು ನಮಗೆ ಮನಗಾಣಿಸಿದವನು ಇಲವಾಲದ ಒಬ್ಬ ಮೋಟಾರು ಮೆಕ್ಯಾನಿಕ್.

ಮೈಸೂರಿನಿಂದ ಹುಣಸೂರಿನ ಕಡೆಗೆ ಸಾಗುವ ಹೆದ್ದಾರಿಯ ಮೇಲೆ ಇಲವಾಲವಿದೆ. 1957ರ ಸೆಪ್ಟೆಂಬರಿನಲ್ಲಿ ಇಲ್ಲಿ ನಡೆದ ಗ್ರಾಮದಾನ ಸಮಾವೇಶಕ್ಕೆ ಆಚಾರ್ಯ ವಿನೋಬಾ ಭಾವೆ, ಪ್ರಧಾನಿ ನೆಹರೂ ಮೊದಲಾದವರು ಬಂದಿದ್ದರು; ಭಿನ್ನ ಭಿನ್ನ ಪಕ್ಷಗಳ ಮುಖಂಡರು ಒಂದೆಡೆ ಕುಳಿತು ಭೂಮಿಯನ್ನು ಹಂಚಿಕೊಂಡು ಬಾಳುವ ಮಾತನಾಡಿದ್ದರು. ಅಂತಹ ಊರಿನಲ್ಲಿ, ಭೂಮಿಯನ್ನು ಹಂಚಿಕೊಂಡ ಮೇಲೆ ಮನಸ್ಸನ್ನೂ ಹರಿದುಕೊಂಡಿದ್ದ ಇಬ್ಬರು ಸಹೋದರರೊಡನೆ ಕೆಲವು ವರ್ಷಗಳ ಹಿಂದೆ ನಾವು ರಸ್ತೆಯ ಬದಿಯಲ್ಲಿ ನಿಲ್ಲಬೇಕಾಯಿತು.

ಹುಣಸೂರಿನಾಚೆಯ ಹಳ್ಳಿಯಲ್ಲಿ ಅವರ ವೃದ್ಧ ತಾಯಿ ಹಾಸಿಗೆ ಹಿಡಿದಿದ್ದರು. ಇಬ್ಬರು ಮಕ್ಕಳನ್ನೂ ಒಟ್ಟಿಗೆ ನೋಡಬೇಕೆಂಬುದು ಆ ತಾಯಿಯ ಕಡೆಯ ಆಸೆಯಾಗಿತ್ತು. ಆಸ್ತಿ ಪಾಲಾದಂದಿನಿಂದ ಅಣ್ಣತಮ್ಮಂದಿರು ಒಂದೇ ವಾಹನದಲ್ಲಿ ಕುಳಿತದ್ದು ಅಂದೇ ಮೊದಲು. ತಾಯಿಯ ಬಳಿ ಕುಳಿತು ನಾಲ್ಕು ಮಾತು ಹೇಳಿರೆಂದು ನಮ್ಮನ್ನೂ ಕರೆದುಕೊಂಡು ಹೊರಟಿದ್ದರು. ಹಣ್ಣು ಕೊಳ್ಳಲೆಂದು ಇಲವಾಲದಲ್ಲಿ ಕಾರನ್ನು ನಿಲ್ಲಿಸಿದರು. ಮರಳಿ ಕೀಲಿ ತಿರುಗಿಸಿದಾಗ ಎಂಜಿನ್ನು ಗಿರಗಿರನೆ ತಿರುಗಿತೇ ಹೊರತು ಹೊತ್ತಿಕೊಳ್ಳಲಿಲ್ಲ. ನಾಲ್ಕಾರು ಬಾರಿ ಯತ್ನಿಸಿದರೂ ಅದೇ ಗತಿ.

ನೆರೆದ ಜನರಲ್ಲಿ ಒಬ್ಬರು ಬ್ಯಾಟರಿ ಸತ್ತಿದೆಯೆಂದರು, ಒಬ್ಬರು ತಳ್ಳಿರೆಂದರು, ಮತ್ತೊಬ್ಬರು ದೃಷ್ಟಿ ತಾಗಿದೆ, ನಿಂಬೆಹಣ್ಣು ಕಟ್ಟಿರೆಂದರು. ಅಣ್ಣನ ತೀರ್ಪು ಮಾತ್ರ ಆಗಲೇ ಸಿದ್ಧವಾಗಿತ್ತು. ಹಿಂದಿನ ದಿನ ಪೆಟ್ರೋಲು ಹಾಕಿಸಿದವನು ತಮ್ಮ. “ಎಲ್ಲಿಯದೋ ಕಲಬೆರಕೆ ತುಂಬಿಸಿ ತಂದಿದ್ದಾನೆ, ಇವನು ಮುಟ್ಟಿದ್ದೆಲ್ಲ ಹೀಗೆಯೇ” ಎಂದು ಆರಂಭವಾದ ಮಾತು ಹೊಲದ ಬದುವಿಗೆ ಹೋಗಿ, ಅಲ್ಲಿಂದ ತಂದೆಯ ಕಾಲದ ಸಾಲಕ್ಕೆ ಹೋಯಿತು. ತಮ್ಮನು ಮರುಮಾತಾಡದೆ ಮೈಸೂರಿನ ಬಸ್ಸು ನಿಲ್ಲುವ ಕಡೆಗೆ ಹೆಜ್ಜೆ ಹಾಕತೊಡಗಿದನು. ಅವನು ಹೋಗಿಬಿಟ್ಟರೆ ತಾಯಿಯ ಆಸೆ ಅಲ್ಲಿಗೆ ಮುಗಿಯಿತು. ನಾವು ಅವನ ತೋಳು ಹಿಡಿದು, “ಮೆಕ್ಯಾನಿಕ್ ಬಂದು ನೋಡುವವರೆಗಾದರೂ ಇರಪ್ಪ” ಎಂದೆವು. ನಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ನಿಂತನು.

ಬಂದ ತರುಣನು ಮೊದಲು ಎಲ್ಲರನ್ನೂ ಸುಮ್ಮನಿರಹೇಳಿದನು. “ಶಬ್ದ ಕೇಳಬೇಕು” ಎಂದನು. ಕೀಲಿ ತಿರುಗಿಸಿ ಐದಾರು ಕ್ಷಣ ಆಲಿಸಿ, “ಚುರುಕಾಗಿ ತಿರುಗುತ್ತಿದೆ, ಬ್ಯಾಟರಿ, ಸ್ಟಾರ್ಟರ್ ಎರಡೂ ಸರಿಯಾಗಿವೆ. ತಿರುಗುವ ಲಯವೂ ಸಮವಾಗಿದೆ, ಟೈಮಿಂಗ್ ಬೆಲ್ಟ್ ತುಂಡಾಗಿದ್ದರೆ ತಡೆಯಿಲ್ಲದೆ ಜುಯ್ಯೆಂದು ಓಡುತ್ತಿತ್ತು” ಎಂದನು. ಪೆಟ್ರೋಲ್ ಎಂಜಿನ್ನು ಹೊತ್ತಿಕೊಳ್ಳಲು ಮೂರೇ ವಸ್ತುಗಳು ಬೇಕೆಂದು ಅವನಿಂದಲೇ ಕೇಳಿದೆವು. ಹದವಾಗಿ ಗಾಳಿ ಬೆರೆತ ಇಂಧನ ಒಂದು. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಹೆಚ್ಚುಕಡಿಮೆ ಹದಿನೈದು ಪಾಲು ಗಾಳಿ. ಸಿಲಿಂಡರಿನಲ್ಲಿ ಆ ಮಿಶ್ರಣವನ್ನು ಅದುಮುವ ಒತ್ತಡ ಎರಡನೆಯದು. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಎಂಬ ಸಾಧನವು ಸಾವಿರಾರು ವೋಲ್ಟಿಗೆ ಏರಿಸಿ, ತಕ್ಕ ಗಳಿಗೆಯಲ್ಲಿ ಹಾರಿಸುವ ಕಿಡಿ ಮೂರನೆಯದು. ಮೂರರಲ್ಲಿ ಯಾವುದು ತಪ್ಪಿದೆಯೆಂದು ತಿಳಿಯುವುದೇ ನಿದಾನ.

ಬಳಿಕ ಅವನು ಎಂಜಿನ್ನನ್ನು ತಿರುಗಿಸದೆ ಕೀಲಿಯನ್ನು ಆನ್ ಸ್ಥಾನಕ್ಕಷ್ಟೇ ತಂದು, ಹಿಂದಿನ ಆಸನದ ಬಳಿ ಕಿವಿಯಿಟ್ಟನು. ಈಗಿನ ಕಾರುಗಳಲ್ಲಿ ಪೆಟ್ರೋಲನ್ನು ಮೇಲೆತ್ತುವ ಪಂಪು ಟ್ಯಾಂಕಿನೊಳಗೇ ಇರುತ್ತದೆ. ಕೀಲಿ ತೆರೆದೊಡನೆ ಎರಡು ಕ್ಷಣ ಅದರ ಗುಂಯ್‌ಗಾನ ಕೇಳಬೇಕು. ಕೇಳಲಿಲ್ಲ. ಅವನೆಂದನು: “ಪೆಟ್ರೋಲು ಕೆಟ್ಟಿದ್ದರೂ ಪಂಪು ಸದ್ದು ಮಾಡಲೇಬೇಕು. ಇಲ್ಲಿ ಪಂಪಿಗೆ ಕರೆಂಟೇ ಹೋಗುತ್ತಿಲ್ಲ, ಇಲ್ಲವೇ ಪಂಪೇ ಹೋಗಿದೆ. ಮೈಸೂರಿನಿಂದ ಇಲ್ಲಿಯವರೆಗೆ ಓಡಿದ್ದು ಇದೇ ಪೆಟ್ರೋಲಿನಲ್ಲಿ ತಾನೆ?” ಅಣ್ಣನು ಉತ್ತರಿಸಲಿಲ್ಲ.

ಫ್ಯೂಸನ್ನು ಕಿತ್ತು ನೋಡಿದನು, ಸರಿಯಾಗಿತ್ತು. ಅನಂತರ ಮಾಡಿದ ಕೆಲಸವು ನಮ್ಮನ್ನು ಬೆರಗಾಗಿಸಿತು. ಪಂಪಿಗೂ ಹಾರನ್ನಿಗೂ ವಿದ್ಯುತ್ತನ್ನು ಹಾಯಿಸುವ ರಿಲೇ ಎಂಬ ಎರಡು ಪುಟ್ಟ ಪೆಟ್ಟಿಗೆಗಳು ಆ ಕಾರಿನಲ್ಲಿ ಒಂದೇ ಜಾತಿಯವು. ಅವೆರಡನ್ನೂ ಅದಲುಬದಲು ಮಾಡಿದನು. ಪಂಪು ಗುಂಯ್‌ಗುಟ್ಟಿತು, ಎಂಜಿನ್ನು ಹೊತ್ತಿಕೊಂಡಿತು, ಹಾರನ್ನು ಮೂಕವಾಯಿತು! ದೋಷವು ರಿಲೇಯಲ್ಲಿಯೇ ಇದೆಯೆಂಬುದಕ್ಕೆ ಇನ್ನಾವ ಸಾಕ್ಷಿ ಬೇಕು?

ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದುವಾಗ ನಾವು ಅನ್ವಯ, ವ್ಯತಿರೇಕಗಳನ್ನು ಕಂಠಪಾಠ ಮಾಡಿದ್ದೆವು. ಹೊಗೆಯಿರುವಲ್ಲಿ ಬೆಂಕಿಯುಂಟು, ಅಡುಗೆಮನೆಯಂತೆ. ಬೆಂಕಿಯಿಲ್ಲದಲ್ಲಿ ಹೊಗೆಯಿಲ್ಲ, ಮಡುವಿನಂತೆ. ಆ ಪಾಠವನ್ನು ಎಂದೂ ಕೇಳಿರದ ತರುಣನು ಅದನ್ನೇ ಕೈಯಲ್ಲಿ ಮಾಡಿ ತೋರಿಸಿದನು. ಒಳ್ಳೆಯ ರಿಲೇ ಬಂದಲ್ಲಿ ಕಾರ್ಯ ನಡೆಯಿತು, ಕೆಟ್ಟದ್ದು ಹೋದಲ್ಲಿ ಕಾರ್ಯ ನಿಂತಿತು. ಶರಣರು ಕಾಯಕಕ್ಕೆ ಅಷ್ಟು ಎತ್ತರದ ಸ್ಥಾನವನ್ನು ಏಕೆ ಕೊಟ್ಟರೆಂಬುದು ಇಂತಹ ಕೈಗಳನ್ನು ಕಂಡಾಗ ತಿಳಿಯುತ್ತದೆ. ಹೊಸ ರಿಲೇ ತರಿಸಿ ಹಾಕಿ, ಹಾರನ್ನನ್ನೂ ಸರಿಪಡಿಸಿ, ತನ್ನ ಕೂಲಿಯಷ್ಟನ್ನೇ ಪಡೆದನು. ಅಣ್ಣನು ಮೇಲೆ ಕೊಡಹೋದ ನೋಟನ್ನು ಹಿಂದಿರುಗಿಸಿದನು.

ಕಾರುಳ್ಳ ಮನೆಯವರಿಗೆ ಉಪಯೋಗವಾಗಲೆಂದು ಅವನು ಹೇಳಿದ ಒಂದೆರಡು ವಿಷಯಗಳನ್ನು ಇಲ್ಲಿ ಬರೆಯುತ್ತೇವೆ. ಕೀಲಿಯನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ತಿರುಗಿಸಿ ಹಿಡಿಯಬಾರದು. ಮಧ್ಯೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು. ಇಲ್ಲವಾದರೆ ಸ್ಟಾರ್ಟರ್ ಕಾದು ಕೆಡುತ್ತದೆ, ಬ್ಯಾಟರಿಯೂ ಬರಿದಾಗುತ್ತದೆ. ಎದುರಿನ ಫಲಕದಲ್ಲಿ ಕೀಲಿಯ ಚಿಹ್ನೆಯ ದೀಪ ಮಿನುಗುತ್ತಿದ್ದರೆ, ಕಳ್ಳತನ ತಡೆಯುವ ವ್ಯವಸ್ಥೆಯು ಕೀಲಿಯನ್ನು ಗುರುತಿಸಿಲ್ಲವೆಂದು ತಿಳಿದು ಮನೆಯಲ್ಲಿರುವ ಇನ್ನೊಂದು ಕೀಲಿಯಿಂದ ಯತ್ನಿಸಬೇಕು. ಪೆಟ್ರೋಲಿನ ವಾಸನೆ ಬಲವಾಗಿ ಹೊಡೆದರೆ ಕೀಲಿಯ ತಂಟೆಗೆ ಹೋಗದೆ ಮೊದಲು ಸೋರಿಕೆಯನ್ನು ನೋಡಬೇಕು. ಡೀಸೆಲ್ ಎಂಜಿನ್ನಿಗೆ ಕಿಡಿಯೇ ಇಲ್ಲ. ಅದು ಒತ್ತಡದ ಕಾವಿನಿಂದಲೇ ಹೊತ್ತುವುದರಿಂದ ಅಲ್ಲಿ ಇಂಧನದ ಕೊಳವೆಯಲ್ಲಿ ಗಾಳಿ ಸೇರಿದೆಯೇ ಎಂದು ವಿಚಾರಿಸಬೇಕು.

ಅಣ್ಣನು ಕ್ಷಮೆ ಕೇಳಲಿಲ್ಲ; ಅಂತಹ ಮಾತು ಆ ಮನೆತನದ ಗಂಡಸರಿಗೆ ಸುಲಭವಲ್ಲ. ಕಾರಿನ ಕೀಲಿಯನ್ನು ತಮ್ಮನ ಕೈಗೆ ಕೊಟ್ಟು, “ನೀನೇ ಓಡಿಸು” ಎಂದನು. ಸಂಜೆಯ ದೀಪ ಹಚ್ಚುವ ಹೊತ್ತಿಗೆ ಊರು ತಲುಪಿದೆವು. ತಾಯಿಗೆ ಎಚ್ಚರವಿತ್ತು. ಇಬ್ಬರ ಕೈಗಳನ್ನೂ ಹಿಡಿದುಕೊಂಡರು. ಆ ವಾರದಲ್ಲಿಯೇ ಅವರು ಲಿಂಗೈಕ್ಯರಾದರು.

ರಿಲೇಯ ಒಳಗೆ ಬಹುಕಾಲದಿಂದ ಸವೆದು ಕಪ್ಪಾದ ಬೇಳೆಯಷ್ಟು ಲೋಹದ ತುಣುಕಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ಅದರ ದೋಷವನ್ನು ಒಬ್ಬ ಮನುಷ್ಯನ ಮೇಲೆ ಹೊರಿಸಿದ್ದು ಹಳೆಯ ಸಿಟ್ಟು. ನಮ್ಮ ಮನೆಗಳಲ್ಲಿ ಸೊಸೆಯ ಮೇಲೆ, ತಮ್ಮನ ಮೇಲೆ, ಆಳಿನ ಮೇಲೆ ನಿತ್ಯವೂ ಹೀಗೆಯೇ ತೀರ್ಪುಗಳಾಗುತ್ತವೆ. ಪರೀಕ್ಷೆ ನಡೆಯುವುದು ಅಪರೂಪ. ಲಿಂಗಪೂಜೆಗೆ ಕುಳಿತಾಗ ನಾವು ದೃಷ್ಟಿಯನ್ನು ಒಂದೆಡೆ ನಿಲ್ಲಿಸುವ ಅಭ್ಯಾಸ ಮಾಡುತ್ತೇವಷ್ಟೆ. ಪೂಜೆಯಿಂದೆದ್ದ ಮೇಲೆಯೂ, ಒಬ್ಬರ ಮೇಲೆ ದೋಷವನ್ನು ಹೊರಿಸುವ ಮುನ್ನ ಅಷ್ಟು ಹೊತ್ತು ಸುಮ್ಮನಿದ್ದು ಆಲಿಸಿದರೆ, ಆ ಅಭ್ಯಾಸವು ಸಂಸಾರಕ್ಕೂ ಒದಗುತ್ತದೆ. ಶರಣ ಬಂಧುಗಳು ಇದನ್ನು ತಮ್ಮ ತಮ್ಮ ಮನೆಗಳಲ್ಲಿ ಪರೀಕ್ಷಿಸಿ ನೋಡಬೇಕೆಂದು ನಮ್ಮ ಪ್ರಾರ್ಥನೆ.