ಸಹಾಯಕಿ ‘ಬೇಡ’ ಅನ್ನಬಲ್ಲಳೇ?

ಉಪಕರಣಗಳ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ನಿಂದ ಬಂದ ಪೌಚ್‌ನ ಸೂಚಕ ಪಟ್ಟಿ ಬಣ್ಣ ಬದಲಿಸಿಲ್ಲ, ಅಂದರೆ ಒಳಗಿನದು ಶುದ್ಧವಾಗಿದೆ ಅನ್ನುವ ಖಾತ್ರಿ ಇಲ್ಲ; ಹೊರಗೆ ಜನ ಕಾಯುತ್ತಿದ್ದಾರೆ. ಆಗ ಸಹಾಯಕಿ ‘ಡಾಕ್ಟ್ರೇ, ಈ ಹ್ಯಾಂಡ್‌ಪೀಸ್ ಬೇಡ’ ಅಂದು ಬೈಸಿಕೊಳ್ಳದೆ ಇರಬಲ್ಲಳೇ? ಹಲ್ಲಿನ ಕ್ಲಿನಿಕ್ಕಿನ ಗೋಡೆಯ ಮೇಲೆ ಬರೆಸಿದ ‘ರೋಗಿಯ ಸುರಕ್ಷತೆಯೇ ಮೊದಲು’ ನಿಜವೋ ಅಲ್ಲವೋ ಗೊತ್ತಾಗುವುದು ಅಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಚೆಕ್‌ಲಿಸ್ಟ್ ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನ ನೋಡಿ: ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿದ ಮೇಲೆ ಶಸ್ತ್ರಚಿಕಿತ್ಸೆಗೊಳಗಾದವರ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತು. ತಂಡದವರೆಲ್ಲ ಹೆಸರು ಹೇಳಿ ಪರಿಚಯಿಸಿಕೊಳ್ಳಬೇಕು ಅನ್ನುವುದೂ ಆ ಪಟ್ಟಿಯಲ್ಲಿತ್ತು. ಅದೊಂದರಿಂದಲೇ ಇಳಿಯಿತು ಅನ್ನಲಾಗದು, ಆದರೆ ಬಾಯಿ ಬಿಡಲು ಧೈರ್ಯ ಬರುವುದು ಹಾಗೇ. ಕಿರಿಯರು ಪ್ರಶ್ನಿಸಿದರೆ ಶಿಸ್ತು ಕೆಡುತ್ತದೆ ಅನ್ನುವವರಿದ್ದಾರೆ. ಚಿಕಿತ್ಸೆಯ ನಿರ್ಧಾರ ವೈದ್ಯರದೇ ಇರಲಿ, ‘ಸ್ವಲ್ಪ ನಿಲ್ಲಿ’ ಅನ್ನುವ ಹಕ್ಕು ಎಲ್ಲರಿಗೂ ಬೇಕು. ಕ್ಲಿನಿಕ್‌ಗಳಲ್ಲಿ ಕೆಲಸ ಮಾಡುವವರು ಹೇಳಿ, ನಿಮಗೆ ಆ ಹಕ್ಕು ಇದೆಯಾ?