ಮಳೆಗೆ ಮುಂಚಿನ ಮೆಣಸು

ಮಂಗಳೂರಿನಲ್ಲಿ ವರ್ಷದ ಮೆಣಸು ಕೊಳ್ಳುವುದಿದ್ದರೆ ಮೇ ತಿಂಗಳೊಳಗೇ ಕೊಳ್ಳಬೇಕು. ಜೂನಿನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿಯೇ ಒದ್ದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಜುಲೈ ತಿಂಗಳ ಮೆಣಸು ತೂಗುವಾಗ ನೀರಿಗೂ ದುಡ್ಡು ಕೊಟ್ಟಂತೆ.

ಬಂದರಿನ ಜೀನಸು ಅಂಗಡಿಗಳ ಸಾಲಿನಲ್ಲಿ ನಡೆಯುವುದೆಂದರೆ ನನಗೆ ಬಲು ಇಷ್ಟ. ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಇದೇ ಊರಿನಲ್ಲಿ ನೆಲೆಸಿ ಏಡನ್ನಿಗೆ ಒಳ್ಳೆಮೆಣಸು, ಏಲಕ್ಕಿ ಕಳಿಸುತ್ತಿದ್ದ. ಅವನ ಕಾಗದಪತ್ರಗಳು ಕೈರೋದ ಸಿನಗಾಗಿನಲ್ಲಿ ಉಳಿದುಬಂದವು. ಆಗಲೂ ಮಳೆ ಜೋರಾದ ತಿಂಗಳುಗಳಲ್ಲಿ ಹಡಗು ಹೊರಡುತ್ತಿರಲಿಲ್ಲ. ಮಳೆ ನೋಡಿ ಸಂಬಾರ ವ್ಯಾಪಾರ ಮಾಡುವುದು ಈ ಊರಿನ ಹಳೆಯ ಕ್ರಮ.

ಬ್ಯಾಡಗಿ ಮೆಣಸನ್ನು ತೊಟ್ಟು ಹಿಡಿದು ಅಲುಗಿಸಿ. ಒಳಗೆ ಬೀಜ ಗಲಗಲ ಎಂದರೆ ಒಣಗಿದೆ. ತೊಟ್ಟಿನ ಬುಡ ಕಪ್ಪಾಗಿದ್ದರೆ ಬೇಡ. ಜೀರಿಗೆಯನ್ನು ಅಂಗೈಯಲ್ಲಿ ತಿಕ್ಕಿ ಮೂಸಿ, ಒಳ್ಳೆಮೆಣಸನ್ನು ಒಂದು ಕಾಳು ಕಚ್ಚಿ ನೋಡಿ. ಪುಡಿಯಲ್ಲಿ ಈ ಪರೀಕ್ಷೆ ಒಂದೂ ನಡೆಯದು. ಬೀಸಿದೊಡನೆ ಪರಿಮಳದ ಎಣ್ಣೆ ಗಾಳಿಗೆ ಹಾರತೊಡಗುತ್ತದೆ, ಬಣ್ಣ ಬೆರೆಸುವವರಿಗೂ ದಾರಿಯಾಗುತ್ತದೆ. ಇಡಿಯಾಗಿ ಕೊಳ್ಳಿ, ಬೇಕಾದಷ್ಟೇ ಹುರಿದು ಅರೆಯಿರಿ.

ಹಿಂದಿನವರು ಮೆಣಸಿನ ಭರಣಿಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದುದಕ್ಕೆ ಅರ್ಥವಿತ್ತು. ಸೌದೆ ಒಲೆಯ ಬಿಸಿ, ಹೊಗೆ ದಿನವಿಡೀ ಅಟ್ಟವನ್ನು ಒಣದಾಗಿ ಇಡುತ್ತಿದ್ದವು. ಒಲೆ ಹೋಗಿ ಗ್ಯಾಸ್ ಬಂತು, ಅಭ್ಯಾಸ ಮಾತ್ರ ಉಳಿಯಿತು. ಈಗ ಆ ಜಾಗಕ್ಕೆ ಏರುವುದು ಕುಚ್ಚಲಕ್ಕಿ ಗಂಜಿಯ ಹಬೆ. ಬಿಸಿಲು ಬೀಳುವ ಕಿಟಕಿಯ ಗಾಜಿನ ಬಾಟಲಿಯೂ ಬೇಡ, ಬೆಳಕಿಗೆ ಬ್ಯಾಡಗಿಯ ಕೆಂಪು ಮಾಸುತ್ತದೆ. ಮೀನಿನ ಗಸಿಯ ಅಂದವೇ ಆ ಕೆಂಪಲ್ಲವೇ! ಒಲೆಯಿಂದ ದೂರದ ಕತ್ತಲ ಕಪಾಟು, ಬಿಗಿ ಮುಚ್ಚಳದ ಡಬ್ಬಿ, ಒದ್ದೆಯಾಗದ ಚಮಚ, ಇಷ್ಟಿದ್ದರೆ ಸಾಕು.

ಬೂಸ್ಟು ಬಂದ ಮೆಣಸನ್ನು ಒರೆಸಿ ಮತ್ತೆ ಬಿಸಿಲಿಗೆ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೆಲವು ಬೂಸ್ಟುಗಳು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಕೆಡಿಸುತ್ತದೆ. ಬಿಸಿಲಿಗೂ ಕುದಿತಕ್ಕೂ ಅದು ಪೂರ್ತಿ ಹೋಗುವುದಿಲ್ಲ. ಎಸೆಯುವುದೇ ಸರಿ.

ಮೇ ತಿಂಗಳ ಅಂಗಳಗಳು ಎಷ್ಟು ಚೆಂದವಿದ್ದವು! ಒಂದೆಡೆ ಪುನರ್ಪುಳಿ ಸಿಪ್ಪೆ, ಇನ್ನೊಂದೆಡೆ ಹಪ್ಪಳ, ಕ್ರೈಸ್ತರ ಮನೆಗಳಲ್ಲಿ ಬಫಾತ್ ಪುಡಿಗೆಂದು ಹರಡಿದ ಮೆಣಸು, ಕೊತ್ತಂಬರಿ. ಫ್ಲ್ಯಾಟಿನಲ್ಲಿ ಅಂಗಳವಿಲ್ಲವೆಂದು ಈ ಕೆಲಸವನ್ನೇ ಬಿಟ್ಟವರಿಗೆ ನನ್ನದೊಂದು ಮಾತು: ತಾರಸಿಯಲ್ಲಿ ಚಾಪೆ ಹಾಸಿ ಎರಡು ಬಿಸಿಲು ಕಾಯಿಸಿ, ಪೂರ್ತಿ ತಣಿದ ಮೇಲೆ ಡಬ್ಬಿಗೆ ತುಂಬಿ. ಬಿಸಿಯಿರುವಾಗಲೇ ಮುಚ್ಚಿದರೆ ಒಳಗೇ ಬೆವರುತ್ತದೆ.