ಬಿಸಿಲೂರಿನ ಹೋಟೆಲುಗಳು

ರಾಯಚೂರಲ್ಲಿ ಹೊಸ ಹೋಟೆಲು ಅಂದರೆ ಮುಂದೆ ಗಾಜು, ಒಳಗೆ ಪಿಒಪಿ ಸೀಲಿಂಗು, ಉಳಿದದ್ದು ಎಸಿ ಪಾಲು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿಗೆ ಇದೆಂಥ ವಿನ್ಯಾಸವೋ! ಕರೆಂಟು ಹೋದರೆ ಉಣ್ಣುವವರೂ ಬೇಯಬೇಕು.

ಇದೇ ಊರಿನ ಕೋಟೆಗೆ 1294ರಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲನ್ನು ತಂದು ಕೂರಿಸಿದರು. ಅದನ್ನು ಎಳೆದು ತಂದ ಬಂಡಿಯ ಚಿತ್ರವನ್ನೂ ಅಲ್ಲೇ ಕೆತ್ತಿದರು. (ಮಾಡಿದ ಕೆಲಸದ ಫೋಟೊ ಹಾಕುವ ಚಟ ಇಂದಿನದಲ್ಲ.) ಆ ಕೋಟೆಯ ಬಾಗಿಲುಗಳಲ್ಲೊಂದಾದ ನವರಂಗ ದರವಾಜ ಈಗ ಮ್ಯೂಸಿಯಂ ಆಗಿದೆ; ಹಳೆ ಕಟ್ಟಡಕ್ಕೆ ಹೊಸ ಕೆಲಸ ಕೊಡುವುದು ನಮಗೆ ಗೊತ್ತಿಲ್ಲದ್ದೇನಲ್ಲ.

ಡಿಸೈನ್ ಮಾಡುವ ಹುಡುಗರೇ, ಇಲ್ಲೇ ದೇವದುರ್ಗದಲ್ಲೋ ಮಾನ್ವಿಯಲ್ಲೋ ದಪ್ಪ ಗೋಡೆಯ ಹಳೆ ಮನೆಯೊಂದು ಸಿಕ್ಕರೆ ಕೆಡವಬೇಡಿ. ರಿಪೇರಿ ಮಾಡಿ ಹೋಟೆಲು ತೆರೆಯಿರಿ, ಅಂಗಳದಲ್ಲಿ ನಾಲ್ಕು ಬೆಂಚು ಹಾಕಿ. ಒಗ್ಗರಣಿ, ಮಿರ್ಚಿ ತಿನ್ನಲು ನಾವು ಬರುತ್ತೇವೆ.